ದೀರ್ಘಕಾಲದ ಎದೆಯುರಿ ಮತ್ತು ಆಮ್ಲ ತಗ್ಗಿಸುವ ಔಷಧಗಳು

ಜಠರದಲ್ಲೇ ಇರಬೇಕಾದ ಆಮ್ಲ ಅನ್ನನಾಳಕ್ಕೆ ಹಿಮ್ಮರಳಿ ಎದೆಯುರಿ, ಹುಳಿತೇಗು, ಬಾಯಿಗೆ ಹುಳಿನೀರು ಬರುವುದು ಮುಂತಾದ ತೊಂದರೆಗಳನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರೆ ಅದನ್ನು ಆಮ್ಲ ಹಿಮ್ಮರಳಿಕೆ ಕಾಯಿಲೆ ಎನ್ನುತ್ತಾರೆ. 2006ರ ಮಾಂಟ್ರಿಯಲ್ ಒಮ್ಮತದ ಪ್ರಕಾರ ಸೌಮ್ಯ ಲಕ್ಷಣಗಳು ವಾರಕ್ಕೆ ಎರಡು ದಿನವಾದರೂ ಕಾಡಿದರೆ, ಅಥವಾ ತೀವ್ರ ಲಕ್ಷಣಗಳು ವಾರಕ್ಕೊಂದು ದಿನಕ್ಕಿಂತ ಹೆಚ್ಚು ಕಾಡಿದರೆ, ಅದನ್ನು ಕಾಯಿಲೆಯೆಂದೇ ಎಣಿಸಬೇಕು. ಇದರ ಚಿಕಿತ್ಸೆಗೆ ಜಗತ್ತಿನೆಲ್ಲೆಡೆ ಮೊದಲು ಬರೆಯುವುದು ಜಠರದ ಆಮ್ಲವನ್ನು ತಗ್ಗಿಸುವ ಮಾತ್ರೆ. ಈ ಮಾತ್ರೆಗಳು ಆಮ್ಲವನ್ನು ಬಹಳ ಚೆನ್ನಾಗಿ ತಗ್ಗಿಸುತ್ತವೆ, ಆದರೆ ಹಿಮ್ಮರಳುವುದನ್ನು ತಡೆಯುವುದಿಲ್ಲ. ಯಾವ ರೋಗಿಗೆ ಪೂರ್ತಿ ಗುಣ ಕಾಣುತ್ತದೆ, ಯಾರಿಗೆ ಅರ್ಧಂಬರ್ಧ, ಯಾರಿಗೆ ಏನೂ ಇಲ್ಲ ಎಂಬುದೆಲ್ಲ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ.

ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ ದೇಶದ ಹಲವು ಕಡೆ 3,224 ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 7.6 ಮಂದಿಯಲ್ಲಿ ಈ ಕಾಯಿಲೆ ಕಂಡುಬಂದಿತ್ತು. ಕೇರಳದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮುದಾಯ ಅಧ್ಯಯನದಲ್ಲಿ ಈ ಪ್ರಮಾಣ ಶೇ. 22ರಷ್ಟಿತ್ತು. ಪ್ರಶ್ನೆ ಕೇಳುವ ಕ್ರಮ, ಊರು, ಊಟ, ಮೈತೂಕ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಮಂಡ್ಯ ಜಿಲ್ಲೆಯ ಮಟ್ಟಿಗೆ, ಕಾಲುವೆ ನೀರಿನ ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯೇ ಆಗಲಿ, ರಾಗಿ, ಹುರುಳಿ, ತೆಂಗನ್ನು ನಂಬಿಕೊಂಡ ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯ ಕಡೆಯೇ ಆಗಲಿ, ಮೆಡಿಕಲ್ ಸ್ಟೋರಿನಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ ಕೊಡಿ’ ಎಂದು ಕೇಳುವವರನ್ನು ನೋಡಲು ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಚೀಟಿಯಿಲ್ಲದೆಯೇ ಬಿಡಿ ಬಿಡಿಯಾಗಿ ಕೈಸೇರುತ್ತವೆ.

ಆಮ್ಲ ಮೇಲೇರುವುದು ಏಕೆ

ಅನ್ನನಾಳ ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂಥ ಸ್ನಾಯುವಿದೆ. ವಪೆಯೂ ಹೊರಗಿನಿಂದ ಅದಕ್ಕೆ ಬಿಗಿ ಕೊಡುತ್ತದೆ. ನುಂಗಿದಾಗ ಈ ಸ್ನಾಯು ಸಡಿಲವಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ಉಬ್ಬಿದಾಗ ನುಂಗದೆಯೂ ಕೆಲವು ಸೆಕೆಂಡು ತೆರೆದುಕೊಳ್ಳುತ್ತದೆ. ತೇಗು ಬರುವುದು ಹೀಗೆಯೇ. ಇಂಥ ಸಡಿಲಿಕೆಗಳಲ್ಲಿ ಆಮ್ಲವೂ ಜೊತೆಗೆ ಮೇಲೇರಿದರೆ ಉರಿ ಶುರುವಾಗುತ್ತದೆ. ಜಠರದ ಮೇಲ್ಭಾಗ ವಪೆಯ ಕಿಂಡಿಯ ಮೂಲಕ ಎದೆಗೂಡಿನೊಳಕ್ಕೆ ಜಾರಿದ್ದರೆ (ಹಯಾಟಸ್ ಹರ್ನಿಯಾ), ಬೊಜ್ಜಿನಿಂದ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿದ್ದರೆ, ಗರ್ಭಿಣಿಯಾಗಿದ್ದರೆ ಇದು ಇನ್ನೂ ಸುಲಭ. ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ನಿಫೆಡಿಪಿನ್ ಜಾತಿಯ ಮಾತ್ರೆಗಳು ಕೂಡ ಈ ಸ್ನಾಯುವನ್ನು ಸಡಿಲಗೊಳಿಸಬಲ್ಲವು.

ಊಟವಾದ ಮೇಲೆ ಜಠರದ ಅನ್ನವೆಲ್ಲ ಆಮ್ಲದೊಂದಿಗೆ ಬೆರೆತಿರುವಾಗಲೂ, ಮೇಲ್ಪದರದಲ್ಲಿ ಬೆರೆಯದ ಆಮ್ಲದ ಒಂದು ತೆಳು ಪದರ ನಿಂತಿರುತ್ತದೆ. ಹೊಟ್ಟೆ ತುಂಬಿದ ಹೊತ್ತಿನಲ್ಲೇ ಎದೆ ಹೆಚ್ಚು ಉರಿಯುವುದಕ್ಕೆ ಇದು ಕಾರಣ. ಬಿಸಿ ಮುದ್ದೆಯನ್ನೋ ಉಪ್ಸಾರಿನ ಖಾರವನ್ನೋ ದೂರುವುದು ಸುಲಭ. ಆದರೆ ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯೆ ಉಂಡು, ಕೈತೊಳೆದವರೇ ಚಾಪೆಗೆ ಬೀಳುವ ಅಭ್ಯಾಸದ ಪಾಲು ಇದರಲ್ಲಿ ದೊಡ್ಡದು. ಮಲಗಿದಾಗ ಮೇಲೇರಿದ್ದನ್ನು ಕೆಳಗಿಳಿಸಲು ಗುರುತ್ವದ ನೆರವು ಇಲ್ಲ. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗುವುದೂ ಕಡಿಮೆ. ಹೀಗಾಗಿ ಆಮ್ಲ ಅನ್ನನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಔಷಧಗಳು ಬಂದ ಬಗೆ

ಮನೆಮದ್ದುಗಳಲ್ಲಿ ಜೀರಿಗೆ ಕಷಾಯ, ಮಜ್ಜಿಗೆ, ತಣ್ಣನೆ ಹಾಲು, ಚಿಟಿಕೆ ಅಡುಗೆ ಸೋಡ ಹಳೆಯವು. ಆಯುರ್ವೇದದ ಮಾಧವನಿದಾನದಲ್ಲಿ ಆಮ್ಲಪಿತ್ತವನ್ನು ಪ್ರತ್ಯೇಕ ರೋಗವಾಗಿಯೇ ವಿವರಿಸಲಾಗಿದೆ. ಸೋಡ, ಮೆಗ್ನೀಸಿಯಂ, ಅಲ್ಯೂಮಿನಿಯಂ ಲವಣಗಳ ಆಂಟಾಸಿಡ್‌ಗಳು ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ತಟಸ್ಥ ಮಾಡುತ್ತವೆ. ನಿಮಿಷಗಳಲ್ಲಿ ಹಾಯೆನಿಸುತ್ತದೆ, ಗಂಟೆ ಎರಡು ಗಂಟೆಯಲ್ಲಿ ಮತ್ತೆ ಮೊದಲಿನಂತೆ. ಸೋಡದಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ದಿನವೂ ಕುಡಿಯಬಾರದು.

ಆಮ್ಲ ಹುಟ್ಟುವ ಜಾಗದಲ್ಲೇ ಅದನ್ನು ತಡೆಯುವ ಔಷಧ ಮೊದಲು ಬಂದದ್ದು 1976ರಲ್ಲಿ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರ ತಂಡ ರೂಪಿಸಿದ ಸಿಮೆಟಿಡಿನ್ ಜಠರದ ಜೀವಕೋಶಗಳಿಗೆ ಹಿಸ್ಟಮಿನ್ ಕೊಡುವ ಸೂಚನೆಯನ್ನು ತಡೆಯಿತು. ಬ್ಲ್ಯಾಕ್ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇದೇ ಎಚ್2 ತಡೆಗಳ ವರ್ಗಕ್ಕೆ ಸೇರಿದ ರ‍್ಯಾನಿಟಿಡಿನ್ ನಮ್ಮ ಹಳ್ಳಿಗಳ ದವಾಖಾನೆಗಳಲ್ಲಿ ಬಹುಕಾಲ ಮನೆಮಾತಾಗಿತ್ತು. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಶ ಪತ್ತೆಯಾಯಿತು. ಅಮೆರಿಕ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಸಿತು, ಭಾರತ 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು. ಅದೇ ವರ್ಗದ ಫ್ಯಾಮೊಟಿಡಿನ್‌ಗೆ ಈ ಕಲ್ಮಶದ ತೊಂದರೆ ಇಲ್ಲ. ಎಚ್2 ತಡೆಗಳ ದೊಡ್ಡ ಮಿತಿಯೆಂದರೆ, ಬಿಡದೆ ತೆಗೆದುಕೊಂಡರೆ ಒಂದೆರಡು ವಾರದಲ್ಲೇ ಮೈ ಅವುಗಳಿಗೆ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ.

ಚಿತ್ರ ಪೂರ್ತಿ ಬದಲಾದದ್ದು ಸ್ವೀಡನ್ನಿನ ಆಸ್ಟ್ರಾ ಕಂಪನಿ 1988ರಲ್ಲಿ ಒಮೆಪ್ರಜೋಲ್ ಬಿಡುಗಡೆ ಮಾಡಿದ ಮೇಲೆ. ಜಠರದ ಜೀವಕೋಶ ಆಮ್ಲವನ್ನು ಹೊರಹಾಕುವ ಕೊನೆಯ ಸಾಧನ ಪ್ರೋಟಾನ್ ಪಂಪ್. ಸೂಚನೆ ಎಲ್ಲಿಂದಲೇ ಬರಲಿ, ಆಮ್ಲ ಹೊರಬರುವುದು ಇದರ ಮೂಲಕವೇ. ಒಮೆಪ್ರಜೋಲ್, ಲ್ಯಾನ್ಸೊಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಎಲ್ಲವೂ ಈ ಪಂಪನ್ನೇ ಕಟ್ಟಿಹಾಕುತ್ತವೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಇವುಗಳ ನಡುವೆ ರೋಗಿಗೆ ತಿಳಿಯುವಷ್ಟು ಅಂತರ ಸಾಮಾನ್ಯವಾಗಿ ಇರುವುದಿಲ್ಲ. ದುಬಾರಿ ಬ್ರ್ಯಾಂಡಿಗೆ ಹೆಚ್ಚು ಬಲವಿದೆ ಎಂಬ ನಂಬಿಕೆಗೂ ಆಧಾರವಿಲ್ಲ. ಜನೌಷಧಿ ಕೇಂದ್ರದ ಕಡಿಮೆ ಬೆಲೆಯ ಮಾತ್ರೆಯಲ್ಲಿರುವುದೂ ಅದೇ ಔಷಧ.

ಹಿಡಿತ ಎಷ್ಟರ ಮಟ್ಟಿಗೆ

ಇದಕ್ಕೆ ಒಂದೇ ಅಂಕಿಯಲ್ಲಿ ಉತ್ತರ ಕೊಡಲಾಗದು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಒಳಪದರ ಕಿತ್ತು ಹುಣ್ಣಾಗಿರುವುದು ಕಂಡವರಲ್ಲಿ ಫಲಿತಾಂಶ ಅತ್ಯುತ್ತಮ. ಸುಮಾರು 7,600 ರೋಗಿಗಳ 43 ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಪ್ರೋಟಾನ್ ಪಂಪ್ ತಡೆಗಳನ್ನು ತೆಗೆದುಕೊಂಡವರಲ್ಲಿ ಶೇ. 84 ಮಂದಿಯ ಹುಣ್ಣು ಮಾಯ್ದಿತ್ತು. ಎಚ್2 ತಡೆಗಳಲ್ಲಿ ಇದು ಶೇ. 52, ಔಷಧವಿಲ್ಲದ ತೋರಿಕೆಯ ಮಾತ್ರೆಯಲ್ಲಿ ಶೇ. 28. ಎದೆಯುರಿ ನಿಂತವರು ಪಂಪ್ ತಡೆಗಳಲ್ಲಿ ಶೇ. 77, ಎಚ್2 ತಡೆಗಳಲ್ಲಿ ಶೇ. 48. ಹುಣ್ಣು ಮಾಯುವುದಕ್ಕೂ ಉರಿ ನಿಲ್ಲುವುದಕ್ಕೂ ನಡುವೆ ಇರುವ ಈ ಸಣ್ಣ ಅಂತರವನ್ನು ಗಮನಿಸಬೇಕು. ಒಳಗೆ ವಾಸಿಯಾಗಿದ್ದರೂ ಹೊರಗೆ ನರಳುವವರು ಇದ್ದೇ ಇರುತ್ತಾರೆ.

ಎಂಡೋಸ್ಕೋಪಿಯಲ್ಲಿ ಏನೂ ಕಾಣದ, ಆದರೆ ಎದೆಯುರಿ ಇರುವವರೇ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚು. ಇವರಲ್ಲಿ ಫಲಿತಾಂಶ ತಗ್ಗುತ್ತದೆ. 2004ರ ಒಂದು ಒಟ್ಟು ವಿಶ್ಲೇಷಣೆ ನಾಲ್ಕು ವಾರದ ಚಿಕಿತ್ಸೆಯ ನಂತರ ಎದೆಯುರಿ ಪೂರ್ತಿ ನಿಂತವರ ಪ್ರಮಾಣವನ್ನು ಹೋಲಿಸಿತು. ಹುಣ್ಣಿದ್ದವರಲ್ಲಿ ಅದು ಶೇ. 56, ಹುಣ್ಣಿಲ್ಲದವರಲ್ಲಿ ಶೇ. 37. ಕಾಯಿಲೆ ಹಗುರವಾಗಿ ಕಂಡವರಿಗೆ ಮದ್ದು ಹೆಚ್ಚು ನಾಟಬೇಕಿತ್ತಲ್ಲವೇ ಎಂದು ಅನ್ನಿಸಬಹುದು. ಆದರೆ ಹುಣ್ಣಿಲ್ಲದವರ ಗುಂಪಿನಲ್ಲಿ ಆಮ್ಲವೇ ಕಾರಣವಲ್ಲದ ಉರಿಯವರೂ, ಸಾಮಾನ್ಯ ಪ್ರಮಾಣದ ಆಮ್ಲಕ್ಕೂ ವಿಪರೀತ ಸ್ಪಂದಿಸುವ ನರಗಳವರೂ ಸೇರಿಕೊಂಡಿರುತ್ತಾರೆ.

ಬಾಯಿಗೆ ಹುಳಿನೀರು, ಉಂಡದ್ದು ಮೇಲೆ ಬರುವುದು ಇವುಗಳ ಮೇಲೆ ಮಾತ್ರೆಯ ಪ್ರಭಾವ ಇನ್ನೂ ಕಡಿಮೆ. 2011ರ ಒಂದು ಪರಿಶೀಲನೆಯ ಪ್ರಕಾರ ತೋರಿಕೆಯ ಮಾತ್ರೆಗಿಂತ ಹೆಚ್ಚಾಗಿ ಸಿಗುವ ಲಾಭ ಸರಾಸರಿ ಶೇ. 17 ಮಾತ್ರ. ಕೆರೆಯ ತೂಬು ಸರಿಯಾಗಿ ಮುಚ್ಚದಿರುವಾಗ ನೀರಿನ ಉಪ್ಪನ್ನು ತೆಗೆದರೂ ನೀರು ಹರಿಯುವುದು ನಿಲ್ಲದು. ಇಲ್ಲಿ ಆಗುವುದೂ ಅದೇ. ಮೇಲೇರುವ ದ್ರವ ಉರಿಸುವುದಿಲ್ಲ, ಆದರೆ ಏರುತ್ತಲೇ ಇರುತ್ತದೆ. ಬಗ್ಗಿ ನಾಟಿ ಮಾಡುವಾಗ, ಕಳೆ ಕೀಳುವಾಗ ಬಾಯಿಗೆ ನೀರು ಬರುತ್ತದೆ ಎನ್ನುವ ಹೆಂಗಸರಿಗೆ ಮಾತ್ರೆಯ ಪ್ರಮಾಣ ಏರಿಸುತ್ತ ಹೋಗುವುದರಿಂದ ಆಗುವ ಲಾಭ ಕಡಿಮೆ.

ಗಂಟಲಿನ ಕಿರಿಕಿರಿ, ಗೊಗ್ಗರು ದನಿ, ಕೆಮ್ಮು, ಉಬ್ಬಸಕ್ಕೂ ಈ ಮಾತ್ರೆಗಳನ್ನು ಧಾರಾಳವಾಗಿ ಬರೆಯುತ್ತಾರೆ. ಎದೆಯುರಿ ಇಲ್ಲದೆ ಬರೀ ಈ ಲಕ್ಷಣಗಳಿದ್ದರೆ ಫಲ ನಿರಾಶಾದಾಯಕ. ಬ್ರಿಟನ್ನಿನಲ್ಲಿ ಗಂಟಲಿನ ತೊಂದರೆಯಿದ್ದ 346 ಮಂದಿಗೆ ದಿನಕ್ಕೆರಡು ಸಲ ಲ್ಯಾನ್ಸೊಪ್ರಜೋಲ್ ಕೊಟ್ಟು ನೋಡಿದ ಪ್ರಯೋಗ (2021) ತೋರಿಕೆಯ ಮಾತ್ರೆಗಿಂತ ಯಾವ ಹೆಚ್ಚುಗಾರಿಕೆಯನ್ನೂ ಕಾಣಲಿಲ್ಲ. ಹತೋಟಿಗೆ ಬಾರದ ಉಬ್ಬಸವಿದ್ದು ಎದೆಯುರಿ ಅಷ್ಟಾಗಿ ಇಲ್ಲದ 412 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ (2009) ಫಲಿತಾಂಶವೂ ಹೀಗೆಯೇ ಇತ್ತು.

ಮಾತ್ರೆ ನುಂಗುವ ಹೊತ್ತು

ಔಷಧ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ದೊಡ್ಡ ಪಾಲು ಅದನ್ನು ತಪ್ಪು ಹೊತ್ತಿನಲ್ಲಿ ನುಂಗುತ್ತಿರುತ್ತಾರೆ. ಪ್ರೋಟಾನ್ ಪಂಪ್ ತಡೆಗಳು ಆಮ್ಲ ತಾಗಿದರೆ ಕೆಡುವ ವಸ್ತುಗಳು. ಅದಕ್ಕೇ ಪ್ಯಾಂಟೊಪ್ರಜೋಲ್ ಮಾತ್ರೆಗೆ ಜಠರದಲ್ಲಿ ಕರಗದ ಹೊದಿಕೆ ಇರುತ್ತದೆ, ಒಮೆಪ್ರಜೋಲ್ ಕ್ಯಾಪ್ಸೂಲಿನೊಳಗಿನ ಒಂದೊಂದು ಕಾಳಿಗೂ ಅಂಥದೇ ಲೇಪ ಇರುತ್ತದೆ. ಮಾತ್ರೆಯನ್ನು ಅರೆದರೆ, ಅಗಿದರೆ ಔಷಧ ಅಲ್ಲೇ ವ್ಯರ್ಥ. ಸಣ್ಣ ಕರುಳಿನಲ್ಲಿ ಕರಗಿ, ರಕ್ತದ ಮೂಲಕ ಮತ್ತೆ ಜಠರದ ಜೀವಕೋಶಕ್ಕೆ ಬಂದು, ಅಲ್ಲಿ ಆಮ್ಲ ಸುರಿಯುತ್ತಿರುವ ಪಂಪಿನ ಬಳಿ ಮಾತ್ರ ಅದು ಸಕ್ರಿಯವಾಗುತ್ತದೆ. ಉಪವಾಸದ ಹೊತ್ತಿನಲ್ಲಿ ಬಹುಪಾಲು ಪಂಪುಗಳು ಸುಮ್ಮನಿರುತ್ತವೆ. ಅವನ್ನು ಎಬ್ಬಿಸುವುದು ಊಟ. ರಕ್ತದಲ್ಲಿ ಔಷಧದ ಅರ್ಧಾಯುಷ್ಯ ಒಂದರಿಂದ ಎರಡು ಗಂಟೆಯಷ್ಟೇ.

ಈಗ ದೇವಲಾಪುರದ ಕಡೆಯ ಒಬ್ಬ ರೈತನ ಬೆಳಗನ್ನು ನೋಡೋಣ. ಐದೂವರೆಗೆ ಎದ್ದು ಹಸು ಕರೆಯುತ್ತಾನೆ. ಡೈರಿಗೆ ಹಾಲು ಹಾಕಿ ಬಂದು ಒಂದು ಲೋಟ ಕಾಫಿ ಕುಡಿಯುತ್ತಾನೆ. ‘ಖಾಲಿ ಹೊಟ್ಟೆಗೆ ತೊಗೋಳಿ’ ಎಂದು ಹೇಳಿದ್ದಾರಲ್ಲ ಎಂದು ಏಳುತ್ತಲೇ ಮಾತ್ರೆ ನುಂಗಿರುತ್ತಾನೆ. ಹೊಲದ ಕೆಲಸ ಮುಗಿಸಿ ರೊಟ್ಟಿಯೋ ಮುದ್ದೆಯೋ ಉಣ್ಣುವ ಹೊತ್ತಿಗೆ ಗಂಟೆ ಹತ್ತು. ಪಂಪುಗಳು ಎದ್ದು ಕೂರುವ ಹೊತ್ತಿಗೆ ರಕ್ತದಲ್ಲಿ ಉಳಿದಿರುವ ಔಷಧ ಅಲ್ಪ. ಖಾಲಿ ಹೊಟ್ಟೆ ಎಂಬ ಮಾತು ಅರ್ಧ ಸೂಚನೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಎಂಬುದು ಪೂರ್ತಿ ಸೂಚನೆ. ಹತ್ತಕ್ಕೆ ಉಣ್ಣುವವನು ಒಂಬತ್ತೂವರೆಗೆ ನುಂಗಿದರೆ ಅದೇ ಮಾತ್ರೆ, ಅದೇ ದುಡ್ಡು, ಬೇರೆಯೇ ಫಲ. ರಾತ್ರಿ ಉರಿ ಹೆಚ್ಚಿರುವವರಿಗೆ ವೈದ್ಯರು ರಾತ್ರಿಯೂಟಕ್ಕೆ ಮೊದಲು ಕೊಡುವುದೂ ಉಂಟು. ಮಲಗುವಾಗ ನುಂಗಿದರೆ ಪರಿಣಾಮ ತಗ್ಗುತ್ತದೆ.

ಒಂದೇ ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದೂ ತಪ್ಪು. ಮೊದಲ ಮಾತ್ರೆ ಎಲ್ಲ ಪಂಪುಗಳನ್ನೂ ಹಿಡಿಯಲಾರದು. ದಿನವೂ ತೆಗೆದುಕೊಂಡಾಗ ಮೂರರಿಂದ ಐದು ದಿನಕ್ಕೆ ಪೂರ್ಣ ಪರಿಣಾಮ ಬರುತ್ತದೆ. ಆಗಲೂ ಆಮ್ಲ ಪೂರ್ತಿ ನಿಲ್ಲುವುದಿಲ್ಲ, ಹೊಸ ಪಂಪುಗಳು ಹುಟ್ಟುತ್ತಲೇ ಇರುತ್ತವೆ. ಹಾಗಾಗಿಯೇ ನೋವು ಬಂದಾಗ ನುಂಗುವ ತುರ್ತು ಮದ್ದಾಗಿ ಇವು ಅಷ್ಟು ಒಳ್ಳೆಯವಲ್ಲ. ಆ ಕ್ಷಣಕ್ಕೆ ಆಂಟಾಸಿಡ್ ಅಥವಾ ಆಲ್ಜಿನೇಟ್ ದ್ರವ ಮೇಲು. ಆಲ್ಜಿನೇಟ್ ಊಟದ ನಂತರ ಜಠರದ ಮೇಲ್ಭಾಗದಲ್ಲಿ ತೇಲುವ ಪದರವಾಗಿ ನಿಂತು, ಮೇಲೆ ಹೇಳಿದ ಆಮ್ಲದ ಪದರವನ್ನೇ ಮುಚ್ಚುತ್ತದೆ.

ದೇಹದ ಕಡೆಯಿಂದಲೂ ವ್ಯತ್ಯಾಸವಿದೆ. ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ ಇವುಗಳಲ್ಲಿ ಹೆಚ್ಚಿನವನ್ನು ಒಡೆಯುತ್ತದೆ. ಆ ಕಿಣ್ವ ಚುರುಕಾಗಿರುವವರಲ್ಲಿ ಔಷಧ ಬೇಗ ಖಾಲಿ, ಮಂದವಾಗಿರುವವರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಾಬೆಪ್ರಜೋಲ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ.

ಜೊತೆಗೆ ಡೊಂಪೆರಿಡೋನ್ ಸೇರಿಸಿದ ಮಾತ್ರೆಗಳು ನಮ್ಮಲ್ಲಿ ಅತಿಯಾಗಿ ಮಾರಾಟವಾಗುತ್ತವೆ. ಡೊಂಪೆರಿಡೋನ್ ವಾಂತಿ, ವಾಕರಿಕೆಯ ಔಷಧ. ಎದೆಯುರಿಯಲ್ಲಿ ಅದರ ಹೆಚ್ಚುವರಿ ಲಾಭ ದುರ್ಬಲ. ಹೃದಯದ ಬಡಿತದ ಲಯ ಕೆಡಿಸುವ ಅಪಾಯದ ಕಾರಣ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಎದೆಯುರಿಗೆ ಅದರ ಬಳಕೆಯನ್ನು ಕೈಬಿಡಲು ಹೇಳಿತು. ಎಲ್ಲರಿಗೂ, ತಿಂಗಳುಗಟ್ಟಲೆ, ವಿಚಾರಿಸದೆ ಈ ಜೋಡಿ ಮಾತ್ರೆ ಕೊಡುವ ರೂಢಿ ನಿಲ್ಲಬೇಕು.

ಮಾತ್ರೆಗೆ ಬಗ್ಗದಿದ್ದರೆ

ಮೊದಲು ನೋಡಬೇಕಾದದ್ದು ಹೃದಯವನ್ನು. ಎದೆಯಲ್ಲಿ ಹಿಂಡಿದಂತೆ, ಕೈಗೋ ದವಡೆಗೋ ಹರಡುವ ನೋವು, ಬೆವರು, ನಡೆದರೆ ಹೆಚ್ಚುವ ಉರಿ ಗ್ಯಾಸ್ಟ್ರಿಕ್ ಅಲ್ಲದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಬರೀ ಹೊಟ್ಟೆಯ ಸಂಕಟವಾಗಿಯೂ ಬರುತ್ತದೆ. ಮಾತ್ರೆ ನುಂಗಿ ಸೋಡ ಕುಡಿದು ಕಾಯುತ್ತ ಕುಳಿತು ಕಳೆದ ಗಂಟೆ ಮರಳಿ ಸಿಗುವುದಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮತ್ತು ಹೆಪ್ಪು ಕರಗಿಸುವ ಚುಚ್ಚುಮದ್ದಿನ ಉಚಿತ ವ್ಯವಸ್ಥೆ ಮಾಡಿರುವುದರ ಬೆಲೆ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ.

ನುಂಗಲು ಕಷ್ಟ, ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಎದೆಯುರಿ ಇದ್ದರೆ ಎಂಡೋಸ್ಕೋಪಿ ಮುಂದೂಡಬಾರದು. ಹೊಗೆಸೊಪ್ಪು, ಬೀಡಿ, ಮದ್ಯದ ಅಭ್ಯಾಸವಿರುವ ನಮ್ಮ ಹಳ್ಳಿಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಭಾರತದಲ್ಲಿ ಅನ್ನನಾಳದ ಕ್ಯಾನ್ಸರ್ ಬಹುಪಾಲು ಹೊಗೆಸೊಪ್ಪು, ಮದ್ಯದ ಜೊತೆ ನಂಟಿರುವ ಬಗೆಯದು. ಆಮ್ಲ ತಗ್ಗಿಸುವ ಮಾತ್ರೆ ಅದರ ಉರಿಯನ್ನು ಕೆಲಕಾಲ ಮರೆಸಿ ಪತ್ತೆಯನ್ನು ತಡಮಾಡಬಹುದು. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದ ದೊಡ್ಡಾಸ್ಪತ್ರೆಗಳು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಈ ವಿಷಯದಲ್ಲಿ ಕಣ್ತೆರೆಸುವಂಥದು. ಮಾತ್ರೆಗೆ ಬಗ್ಗದ ಎದೆಯುರಿಯೆಂದು ಕಳಿಸಲಾದ 366 ಮಂದಿಗೆ ಮೊದಲು ಒಮೆಪ್ರಜೋಲನ್ನು ಹೇಗೆ ನುಂಗಬೇಕೆಂದು ಸರಿಯಾಗಿ ತಿಳಿಸಿ, ದಿನಕ್ಕೆರಡು ಸಲ, ಎರಡು ವಾರ ಕೊಟ್ಟರು. 42 ಮಂದಿಗೆ ಅಷ್ಟರಲ್ಲೇ ಸಾಕಷ್ಟು ಗುಣವಾಯಿತು. 23 ಮಂದಿಗೆ ಅನ್ನನಾಳದ ಬೇರೆ ಕಾಯಿಲೆ ಇತ್ತು. 99 ಮಂದಿಯಲ್ಲಿ ಪರೀಕ್ಷೆ ಮಾಡಿದರೆ ಹಿಮ್ಮರಳಿಕೆಗೂ ಉರಿಗೂ ಸಂಬಂಧವೇ ಇರಲಿಲ್ಲ. ನಿಜವಾಗಿಯೂ ಹಿಮ್ಮರಳಿಕೆಯೇ ಕಾರಣವಾಗಿ, ಔಷಧಕ್ಕೆ ಬಗ್ಗದವರೆಂದು ಕೊನೆಗೆ ಉಳಿದವರು 78. ಅವರಲ್ಲಿ ಹಿಮ್ಮರಳಿಕೆ ತಡೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ಶೇ. 67 ಮಂದಿಗೆ ಗುಣ ಕಂಡಿತು, ಹೆಚ್ಚುವರಿ ಔಷಧ ಪಡೆದವರಲ್ಲಿ ಶೇ. 28 ಮಂದಿಗೆ. ಹಾಗಂತ ಎಲ್ಲರೂ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ. ಮಾತ್ರೆಗೆ ಚೆನ್ನಾಗಿ ಸ್ಪಂದಿಸುವವರನ್ನೇ ಆರಿಸಿ ಐದು ವರ್ಷ ಹಿಂಬಾಲಿಸಿದ ಯುರೋಪಿನ ಲೋಟಸ್ ಪ್ರಯೋಗದಲ್ಲಿ (2011) ಎಸೊಮೆಪ್ರಜೋಲ್ ಪಡೆದವರಲ್ಲಿ ಶೇ. 92, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 85 ಮಂದಿಯ ಕಾಯಿಲೆ ಹತೋಟಿಯಲ್ಲಿತ್ತು.

ಜಪಾನಿನಲ್ಲಿ 2014ರ ಕೊನೆಗೆ ಮನ್ನಣೆ ಪಡೆದ ವೊನೊಪ್ರಜಾನ್ ಹೊಸ ವರ್ಗದ ಔಷಧ. ಇದಕ್ಕೆ ಆಮ್ಲದಿಂದ ಸಕ್ರಿಯವಾಗಬೇಕಾದ ಅಗತ್ಯವಿಲ್ಲ, ಊಟದ ಹೊತ್ತಿನ ಹಂಗಿಲ್ಲ, ಮೊದಲ ದಿನದಿಂದಲೇ ಬಲವಾಗಿ ಕೆಲಸ ಮಾಡುತ್ತದೆ. 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಎಂಟು ವಾರಕ್ಕೆ ಹುಣ್ಣು ಮಾಯ್ದವರು ಇದರಲ್ಲಿ ಶೇ. 93, ಲ್ಯಾನ್ಸೊಪ್ರಜೋಲ್‌ನಲ್ಲಿ ಶೇ. 85. ತೀವ್ರ ಹುಣ್ಣಿರುವವರಿಗೆ ಇದು ನಿಜವಾದ ಹೆಜ್ಜೆ. ಆದರೆ ಇದು ಕೂಡ ಆಮ್ಲದ ಮೇಲಷ್ಟೇ ಕೆಲಸ ಮಾಡುತ್ತದೆ.

ಔಷಧವಲ್ಲದ ಕ್ರಮಗಳಲ್ಲಿ ಹೆಚ್ಚು ಆಧಾರವಿರುವವು ಮೂರು. ಬೊಜ್ಜಿದ್ದರೆ ತೂಕ ಇಳಿಸುವುದು, ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರ, ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಇಟ್ಟು ಎತ್ತರಿಸುವುದು. ದಿಂಬಿನ ಮೇಲೆ ದಿಂಬು ಹಾಕಿದರೆ ಕತ್ತಷ್ಟೇ ಬಗ್ಗುತ್ತದೆ. ಎಡಮಗ್ಗುಲಲ್ಲಿ ಮಲಗುವುದರಿಂದಲೂ ಪ್ರಯೋಜನವಿದೆ. ತ್ರೀ ಫೇಸ್ ಕರೆಂಟ್ ಬರುವ ರಾತ್ರಿ ನೀರು ಹಾಯಿಸಲು ಹೋಗುವ ರೈತನಿಗೆ ಊಟದ ಹೊತ್ತು ಅವನ ಕೈಯಲ್ಲಿರುವುದಿಲ್ಲ. ಅಂಥವರು ಸಂಜೆಯೇ ಮುಖ್ಯ ಊಟ ಮುಗಿಸಿ, ಬಂದ ಮೇಲೆ ಸ್ವಲ್ಪವೇ ತಿಂದು ಮಲಗುವುದು ನಡೆಯಬಲ್ಲ ದಾರಿ.

ವರ್ಷಗಟ್ಟಲೆ ತೆಗೆದುಕೊಂಡರೆ

ಮೂಳೆ ಮುರಿತ, ಮೂತ್ರಪಿಂಡದ ಕಾಯಿಲೆ, ಮರೆವು ಹೀಗೆ ಹಲವನ್ನು ಈ ಮಾತ್ರೆಗಳ ತಲೆಗೆ ಕಟ್ಟಲಾಗಿದೆ. ಇವುಗಳಲ್ಲಿ ಬಹುಪಾಲು ಮಾಹಿತಿ ಬರೀ ಗಮನಿಸಿ ಬರೆದ ಅಧ್ಯಯನಗಳದ್ದು. ಕಾಯಿಲೆ ಹೆಚ್ಚಿರುವವರೇ ಮಾತ್ರೆಯನ್ನೂ ಹೆಚ್ಚು ನುಂಗುವುದರಿಂದ ಕಾರಣವನ್ನು ಬಿಡಿಸಿ ಹೇಳುವುದು ಕಷ್ಟ. 17,598 ಜನರಿಗೆ ಪ್ಯಾಂಟೊಪ್ರಜೋಲ್ ಅಥವಾ ತೋರಿಕೆಯ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ಪ್ರಯೋಗದಲ್ಲಿ (2019) ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ, ಶೇ. 1.0ರಿಂದ ಶೇ. 1.4ಕ್ಕೆ. ಹಲವು ವರ್ಷಗಳ ಬಳಕೆಯಲ್ಲಿ ಮೆಗ್ನೀಸಿಯಂ, ಬಿ12 ಜೀವಸತ್ವ ಕಡಿಮೆಯಾಗುವುದು ಉಂಟು. ಹೃದಯಕ್ಕೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ಬಳಸುವುದು ಒಳ್ಳೆಯದು. ಭಯಕ್ಕಿಂತ ಅಗತ್ಯವನ್ನು ನೋಡಿ ತೀರ್ಮಾನಿಸಬೇಕು.

ಬಿಡುವಾಗ ಒಂದು ತೊಡಕಿದೆ. ಆಮ್ಲ ತಗ್ಗಿರುವಷ್ಟು ಕಾಲ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತಲೇ ಇರುತ್ತದೆ. ಮಾತ್ರೆ ನಿಲ್ಲಿಸಿದ ತಕ್ಷಣ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಸುರಿಯಬಹುದು. ಡೆನ್ಮಾರ್ಕಿನಲ್ಲಿ ಯಾವ ತೊಂದರೆಯೂ ಇಲ್ಲದ 120 ಆರೋಗ್ಯವಂತರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು (2009). ನಂತರದ ನಾಲ್ಕು ವಾರಗಳಲ್ಲಿ ಅವರಲ್ಲಿ ಶೇ. 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ಲಕ್ಷಣಗಳು ಶುರುವಾದವು. ತೋರಿಕೆಯ ಮಾತ್ರೆ ಪಡೆದವರಲ್ಲಿ ಇದು ಶೇ. 15. ಬಿಟ್ಟರೆ ಮತ್ತೆ ಬಂತು, ಆದ್ದರಿಂದ ಜೀವನಪೂರ್ತಿ ಬೇಕು ಎಂದು ರೋಗಿ ತಾನೇ ತೀರ್ಮಾನಿಸುವುದು ಹೀಗೆ. ಎಂಟು ವಾರದ ಚಿಕಿತ್ಸೆ ಮುಗಿದು ಆರಾಮಾಗಿರುವವರು ವೈದ್ಯರನ್ನು ಕೇಳಿ ಪ್ರಮಾಣವನ್ನು ಅರ್ಧಕ್ಕಿಳಿಸಿ, ನಂತರ ದಿನ ಬಿಟ್ಟು ದಿನ, ಆಮೇಲೆ ಬೇಕಾದಾಗ ಮಾತ್ರ ಎಂಬ ಕ್ರಮದಲ್ಲಿ ಬಿಡಬಹುದು. ನಡುವೆ ಬರುವ ಉರಿಗೆ ಆಂಟಾಸಿಡ್ ಅಥವಾ ಫ್ಯಾಮೊಟಿಡಿನ್ ಸಾಕು.

ಎಲ್ಲರೂ ಬಿಡುವಂತಿಲ್ಲ. ಅನ್ನನಾಳದ ತೀವ್ರ ಹುಣ್ಣಿದ್ದವರು, ಹುಣ್ಣು ಮಾಯ್ದು ಅನ್ನನಾಳ ಕಿರಿದಾದವರು, ಅನ್ನನಾಳದ ಒಳಪದರದ ಸ್ವರೂಪವೇ ಬದಲಾದವರು (ಬ್ಯಾರೆಟ್ ಬದಲಾವಣೆ) ಮುಂದುವರಿಸಬೇಕು. ಹೃದಯಕ್ಕೆ ಆಸ್ಪಿರಿನ್ ನುಂಗುತ್ತಿರುವ, ಜೊತೆಗೆ ಮಂಡಿನೋವಿಗೆಂದು ಡೈಕ್ಲೊಫೆನಾಕ್‌ನಂಥ ಮಾತ್ರೆಯನ್ನೂ ತೆಗೆದುಕೊಳ್ಳುವ ವಯಸ್ಸಾದವರಿಗೆ ಈ ಗ್ಯಾಸ್ಟ್ರಿಕ್ ಮಾತ್ರೆ ಎದೆಯುರಿಗಲ್ಲ, ಜಠರದ ರಕ್ತಸ್ರಾವ ತಡೆಯುವುದಕ್ಕೆ. ಉರಿ ಇಲ್ಲವಲ್ಲ ಎಂದು ಅವರು ಅದನ್ನು ತಾವಾಗಿಯೇ ನಿಲ್ಲಿಸಬಾರದು.